ಗುಂಯ್

ಫೋನು ಬಂದದ್ದು ಆಗಸ್ಟಿನ ಶುಕ್ರವಾರ, ಜುಮಾ ಮುಗಿದು
ಬಿರಿಯಾನಿಗೆ ಕೈ ಹಾಕುವ ಹೊತ್ತಿಗೆ.
"ಉಮರಬ್ಬ, ನಿನ್ನ ಎಸಿ ನನ್ನ ಹಾಡಿನೊಳಗೆ ನುಗ್ಗಿದೆ,
ಬಂದು ಹೊರಗೆ ಹಾಕು."

ಮುಹರ್ರಕ್‌ನ ಹಳೇ ಓಣಿ. ವ್ಯಾನು ಹೋಗದು.
ಏಣಿ ಹೆಗಲಿಗೆ, ಗೇಜು ಕೊರಳಿಗೆ,
ಒದ್ದೆ ಟವೆಲಿನಂಥ ಗಾಳಿ ಮುಖಕ್ಕೆ.
ಬಾಗಿಲಲ್ಲಿ ಅಬು ಜಾಬಿರ್, ಎಪ್ಪತ್ತರ ಮುದುಕ,
ತುಟಿಗೆ ಬೆರಳು: ಮೆಲ್ಲಗೆ, ಒಳಗೆ ಮುಳ್ಳು ಓಡುತ್ತಿದೆ.

ಗೋಡೆಯುದ್ದ ತಟ್ಟೆಗಳು. ಪಾಸ್‌ಪೋರ್ಟ್ ಆಫೀಸಿನ ಫೈಲುಗಳ ಹಾಗೆ
ಬೆನ್ನು ತೋರಿಸಿ ನಿಂತ ಎರಡು ಸಾವಿರ.
ಸೋಫಾದಲ್ಲಿ ಮೂವರು: ಖಾರ್ತೂಮಿನ ಲೆಕ್ಕಿಗ,
ಗೋವಾದ ಹಲ್ಲಿನ ಡಾಕ್ಟರು,
ನೈಟ್ ಡ್ಯೂಟಿ ಮುಗಿಸಿ ನಿದ್ದೆ ಬಿಟ್ಟು ಬಂದ ನರ್ಸ್ ರೊವೇನಾ.
ಯಾರೂ ತಿರುಗಲಿಲ್ಲ. ನಮಾಜಿಗೆ ತಡವಾಗಿ ಬಂದವನಂತೆ
ಹಿಂದಿನ ಸಾಲಲ್ಲಿ ನಿಂತೆ.

ಹಾಡಿನ ಅಡಿಯಲ್ಲಿ ಇತ್ತು, ಹೌದು. ಗುಂಯ್.

ಇಪ್ಪತ್ತಾರು ವರ್ಷ ನನ್ನ ಹೊಟ್ಟೆ ಹೊರೆದದ್ದು ಈ ಕಿವಿ.
ಬೇರಿಂಗ್ ಸವೆದರೆ ಕೊಯ್ಯುತ್ತದೆ,
ಗ್ಯಾಸು ಕಮ್ಮಿಯಾದರೆ ಬುಸುಗುಡುತ್ತದೆ,
ಫ್ಯಾನಿನ ರೆಕ್ಕೆಗೆ ಮರಳು ಕೂತರೆ ಕೆಮ್ಮು.
ಇದು ಯಾವುದೂ ಅಲ್ಲ.
ಗಿರಾಕಿ ಹೇಳಿದ್ದಕ್ಕೆ ಎಸಿ ಆರಿಸಿದೆ.
ಎಸಿ ನಿಂತಿತು. ಗುಂಯ್ ನಿಲ್ಲಲಿಲ್ಲ.

ಡಾಕ್ಟರು ಪಿಸುಗುಟ್ಟಿದರು: ಕೇಬಲ್ ಬದಲಿಸಬೇಕು, ಜರ್ಮನಿಯದ್ದು.
ಬೆಲೆ ಹೇಳಿದರು. ನನ್ನ ಎರಡು ತಿಂಗಳ ಸಂಬಳ.
ನಾನು ಬಗ್ಗಿ ನೋಡಿದೆ. ತಟ್ಟೆ ತಿರುಗಿಸುವ ಪೆಟ್ಟಿಗೆಯ ಹಿಂದೆ
ಅರ್ತಿನ ಹಸಿರು ಎಳೆಯೊಂದು
ಸ್ಕ್ರೂ ಬಿಟ್ಟು ಧೂಳಲ್ಲಿ ಬಿದ್ದಿತ್ತು.
ಟೆಸ್ಟರಿನಿಂದ ಎರಡು ಸುತ್ತು.

ಆಮೇಲೆ ಬಂದದ್ದಕ್ಕೆ ನನ್ನಲ್ಲಿ ಹೆಸರಿಲ್ಲ.
ಕೋಣೆ ಒಮ್ಮೆಗೇ ದೊಡ್ಡದಾಯಿತು.
ಊದ್ ನುಡಿಸುವವನ ಗರಿ ತಂತಿ ಮುಟ್ಟುವ ಮುಂಚೆ
ಒಂದು ಸಣ್ಣ ಹಿಂಜರಿಕೆ.
ಯಾರದೋ ಕುರ್ಚಿ ಕಿರ್ರೆಂದದ್ದು.
ಹಾಡುವವಳು ಮೂಗಿನಿಂದ ಉಸಿರು ಎಳಕೊಂಡದ್ದು:
ಐವತ್ತು ವರ್ಷದ ಹಿಂದಿನ, ಯಾವುದೋ ಊರಿನ ಗಾಳಿ.
ನಡುನಡುವೆ ಧೂಳು ಚಿಟಪಟ, ಒಗ್ಗರಣೆಯ ಸಾಸಿವೆ.

ಎಸಿ ಹಾಕಲೇ? ಕೈಸನ್ನೆಯಲ್ಲಿ ಕೇಳಿದೆ.
ನಾಲ್ಕು ತಲೆ ಒಟ್ಟಿಗೆ ಬೇಡವೆಂದವು.
ಒಂದು ಮಗ್ಗುಲು ಇಪ್ಪತ್ತೆರಡು ನಿಮಿಷ,
ಮುಚ್ಚಿದ ಕೋಣೆಯ ತಂಪಿಗೂ ಸುಮಾರು ಅಷ್ಟೇ ಆಯುಸ್ಸು.
ಅದು ನನಗೆ ಗೊತ್ತಿರುವ ಲೆಕ್ಕ.
ಹದಿನಾರಕ್ಕೆ ಡಾಕ್ಟರ ಕನ್ನಡಕ ಮಬ್ಬಾಯಿತು,
ಲೆಕ್ಕಿಗನ ಬಿಳಿ ಜುಬ್ಬ ಬೆನ್ನಿಗೆ ಅಂಟಿತು,
ರೊವೇನಾ ಕಣ್ಣು ಮುಚ್ಚಿಯೇ ಕೂದಲು ಮೇಲೆತ್ತಿ ಕಟ್ಟಿದಳು.
ಯಾರೂ ಏಳಲಿಲ್ಲ.

ಚಹಾದ ಹೊತ್ತಿಗೆ ಅಬು ಜಾಬಿರ್ ಹೇಳಿದ:
ಅಜ್ಜ ಮುತ್ತಿಗೆ ಮುಳುಗಿದವನಲ್ಲ,
ಮೇಲೆ ದೋಣಿಯಲ್ಲಿ ಹಗ್ಗ ಹಿಡಿದವ.
ಕೆಳಗಿನವನು ಎಳೆದದ್ದೋ, ನೀರು ಎಳೆದದ್ದೋ
ಅಂಗೈಗೆ ಗೊತ್ತಾಗಬೇಕು. ತಪ್ಪಿದರೆ...
ಮುಂದೆ ಹೇಳಲಿಲ್ಲ, ಸಕ್ಕರೆ ಕಲಕಿದ.
ಐದು ದಿನಾರ್ ಕೊಟ್ಟ. ಎಸಿಗೇನೂ ಮಾಡಿಲ್ಲ, ಬೇಡ ಎಂದೆ.
ಕಿಸೆಗೇ ತುರುಕಿದ. ನಾನೂ ಬಹಳ ತಡೆಯಲಿಲ್ಲ.

ರಾತ್ರಿ, ರೂಮಿನಲ್ಲಿ, ಮೇಲಿನ ಮಂಚ.
ಸಾರಮ್ಮನ ವಾಯ್ಸ್ ಬಂದಿತ್ತು, ನಾಲ್ಕು ನಿಮಿಷದ್ದು.
ದಿನಾ ನಾನು ಕೇಳುವುದು ಒಂದೂವರೆ ವೇಗದಲ್ಲಿ:
ಸಿಲಿಂಡರು, ಸಂಘದ ಕಂತು, ತಂಗಿ ಮಗಳ ನಿಕಾಹ್,
ಗಿಣಿ ಓದಿದ ಹಾಗೆ.
ಇವತ್ತು ಒಂದಕ್ಕೆ ತಂದೆ.

ಎಷ್ಟು ನಿಧಾನ ಮಾತಾಡುತ್ತಾಳೆ ಇವಳು!
ಮಾತಿಗೆ ಮುಂಚೆ ಉಸಿರು, ಬಳೆ ಸಿಂಕಿಗೆ ತಾಗಿದ ಸದ್ದು,
ದೂರದಲ್ಲಿ ಯಾರದೋ ಮಿಕ್ಸಿ.
ಎರಡನೇ ನಿಮಿಷಕ್ಕೆ ಏನೋ ಹೇಳಹೋಗಿ
ಬಿಟ್ಟಿದ್ದಾಳೆ.
ಆ ಜಾಗವನ್ನು ಮೂರು ಸಲ ಹಿಂದಕ್ಕೆಳೆದು ಕೇಳಿದೆ.

ಊರಲ್ಲಿ ಆಗ ರಾತ್ರಿ ಒಂದೂವರೆ. ಆದರೂ ಫೋನು ಮಾಡಿದೆ.
"ಎಂಥ ಆಯ್ತು?" ನಿದ್ದೆಗಣ್ಣಿನ ಗಾಬರಿ.
"ಎಂಥ ಇಲ್ಲ. ಎರಡನೇ ನಿಮಿಷದಲ್ಲಿ
ಏನು ನುಂಗಿದೆ?"

ಅವಳು ಸುಮ್ಮನಾದಳು. ಸರಿಯಾಗಿ ಕೇಳಿಸಲಿ ಎಂದು
ಕೈ ಚಾಚಿ ರೂಮಿನ ಎಸಿ ಆರಿಸಿದೆ.
ಕೆಳಗಿನಿಂದ ಐದು ಜನ
ಐದು ಭಾಷೆಯಲ್ಲಿ ಬೈದರು.