ಸೊನ್ನಿ ತುದಿ

ಟೇಪಿನ ಸೊನ್ನಿ ತುದಿ ಹಿಡಿಯೂದು ನನ್ನ ಕೆಲಸ.
ಹನ್ನೊಂದು ವರ್ಷ ಆತು, ಪಾಲಿಕೆಯಾಗ ದಿನಗೂಲಿ.
ಆ ಕಡೆ ತುದಿಗೆ ನಿಂತು ಅಂಕಿ ಓದವರು
ಹಾದಿಮನಿ ಸಾಹೇಬ್ರು, ಅಳತಿ ಪುಸ್ತಕ ಅವರ ಬಗಲಾಗ.
ನನ್ನ ಕಡೆ ಓದೂದು ಏನೂ ಇಲ್ಲ.
ಸೊನ್ನಿ ಯಾವಾಗಲೂ ಸೊನ್ನಿ,
ಗಟ್ಟ್ಯಾಗಿ ಹಿಡೀಬೇಕು, ಅಷ್ಟ.

ಮೊನ್ನೆ ದಾಜಿಬಾನ ಪೇಟಿ ಕಡೆ ಫುಟ್‌ಪಾತ್ ಅಳದ್ವಿ.
ಕಾಗದದಾಗ ಅಗಲ ಆರು ಫೂಟು.
ನಾ ಗಟಾರದ ಅಂಚಿಗೆ ಕುಕ್ಕರಗಾಲಿಲೆ ಕುಂತೆ,
ಸಾಹೇಬ್ರು ಗೋಡಿ ಕಡೆ ಹೊಂಟ್ರು.
ಟೇಪು ಬುಲೆಟ್ ಗಾಡಿ ಸ್ಟ್ಯಾಂಡಿನ ಕೆಳಗ ನುಸೀತು,
ಪ್ಲಾಸ್ಟಿಕ್ ಕೊಡದ ಗೋಪುರದ ಸಂದ್ಯಾಗ ಹಾದು
ಟ್ರಾನ್ಸ್‌ಫಾರ್ಮರಿನ ಕಾಲು ದಾಟಿ
ಮಿರ್ಚಿ ಗಾಡಿ ಕಡಾಯಿ ಹಂತೇಕ ಒಂದೀಟು ಬೆಚ್ಚಗಾಗಿ
ಹೋಗಿ ಗೋಡಿ ಮುಟ್ಟಿತು.
'ಎಷ್ಟ್ರೀ?'
'ಆರು. ಬರೋಬ್ಬರಿ ಆರು.'
ಟೇಪಿಗೇನು, ಮೈ ತೆಳ್ಳಗ.

ಅಲ್ಲೇ ನಾಕು ಹೆಜ್ಜಿ ಮುಂದ ಒಂದು ಫರಸಿ ಇಲ್ಲ.
ಇಲ್ಲ ಅಂದ್ರ, ಹೋದ ದೀಪಾವಳಿಯಿಂದ ಇಲ್ಲ.
ಯಾರೋ ಪುಣ್ಯಾತ್ಮ ಅದರಾಗ ಬೇವಿನ ಟೊಂಗಿ ಚುಚ್ಚಿದ್ದ,
ತುದಿಗೆ ಹರಕ ಕುಪ್ಪಸದ ಕೆಂಪು ತೋಳು ಕಟ್ಟಿದ್ದ.
ಎಲಿ ಉದುರಿ ಬರೇ ಕಡ್ಡಿ ಉಳದಾಗ
ಮತ್ಯಾರೋ ಹಸರ ಟೊಂಗಿ ತಂದು ಬದಲಿ ಮಾಡಿದ್ರು.
ಎರಡು ಸಲ, ಮೂರು ಸಲ.
ನಮ್ಮ ಕಚೇರ್ಯಾಗ ಅದರ ಫೈಲಿಗೂ
ಇಷ್ಟು ಚೊಕ್ಕ ಮೇಂಟೆನೆನ್ಸ್ ಇಲ್ಲ.

ಆ ಟೊಂಗಿ ಹುಡುಗರು ಸ್ಟಂಪಿಗಂತ ಕಿತ್ತು ಒಯ್ದ ದಿನ
ಸಾವಂತ್ರೆವ್ವ ಬಿದ್ಲು.
ಖಾನಾವಳಿಗೆ ರೊಟ್ಟಿ ಹಾಕಾಕಿ ಆಕಿ,
ಹಳೇ ಹುಬ್ಬಳ್ಳಿಯಿಂದ ನಡಕೋತ ಬರಾಕಿ,
ತಲಿ ಮ್ಯಾಲೆ ಬುಟ್ಟಿ, ಬುಟ್ಟ್ಯಾಗ ಎಂಬತ್ತು ಖಡಕ್ ರೊಟ್ಟಿ.
ಬುಟ್ಟಿ ಹೊತ್ತವರು ಕೆಳಗ ನೋಡಂಗಿಲ್ಲ,
ಪಾದಾನೇ ಕಣ್ಣು ಅವರಿಗೆ.
ರೊಟ್ಟಿ ಮುರದ ಸಪ್ಪಳ ಕೇಳಿದವರು ಈಗೂ ಹೇಳ್ತಾರ,
ಮನಿ ಹಂಚು ಜಾರಿ ಬಿದ್ದಂಗ ಆತಂತ.
ಎಲುವಿನ ಸಪ್ಪಳ ಯಾರಿಗೂ ಕೇಳಿಲ್ಲ.

ನಾವು ಅಳಿಯೂ ಹೊತ್ತಿನಾಗ ಆಕಿ
ಕೀಲಿ ರಿಪೇರಿಯವನ ಕಟ್ಟಿ ಮ್ಯಾಲೆ ಕುಂತಿದ್ಲು, ಬಾಜೂಕ ಕೋಲು.
ಬಾಕಿ ವಸೂಲಿಗೆ ಬಂದಿದ್ಲಂತ.
'ತಮ್ಮಾ, ಅಡ್ಡಡ್ಡ ಎಲ್ಲಾ ಅಳೀತೀರಿ,
ಈ ಪಾವಟಿಗಿ ಎತ್ತರಾನೂ ಒಂದೀಟು ಅಳಿ ನೋಡೂಣು.'
ಅಳದೆ. ಹದಿನಾಲ್ಕು ಇಂಚು.
'ಈಗ ನನ್ನ ಕಾಲು ಎಷ್ಟು ಏಳತೈತಿ ಅಳಿ.'
ನಿರಿಗಿ ಹಿಡಕೊಂಡು, ಕೋಲಿಗೆ ಭಾರ ಕೊಟ್ಟು,
ಮಾರಿ ಕಿವಿಚಿ
ಎಡಗಾಲು ಎತ್ತಿದ್ಲು.
ನಾ ನೆಲಕ್ಕ ಸೊನ್ನಿ ಒತ್ತಿ ಹಿಡದು ಮ್ಯಾಲೆ ನೋಡಿದೆ.
ಸಾಹೇಬ್ರು ಫೋನಿನಾಗ ಇದ್ರು.
ಹನ್ನೊಂದು ವರ್ಷದಾಗ ಮೊದಲನೇ ಸಲ
ನಾನ ಓದಿದೆ:
ಆರೂವರಿ.

'ಗೊತ್ತಿತ್ತು ಬಿಡು,' ಅಂದ್ಲು.
ರಸ್ತೇಕ್ಕ ಇಳದು, ಹಾರ್ನ್ ಹೊಡಿಯೂ ಬಸ್ಸಿನ ಬಗಲಿಗೆ
ಕೋಲು ಊರಕೋತ ಹೋದ್ಲು.

ಪುಸ್ತಕದಾಗ ಉದ್ದಕ್ಕ ಕಾಲಂ ಐತಿ,
ಅಗಲಕ್ಕ ಐತಿ, ಆಳಕ್ಕೂ ಐತಿ.
ಇಷ್ಟು ಕಾಲಂ ಇದ್ದು
ಕಾಲು ಬರಿಯಾಕ ಜಾಗಾ ಇಲ್ಲ.

ಗುರುತು ಹಾಕೂ ಕೆಂಪು ಬಣ್ಣ ಚೀಲದಾಗ ಇತ್ತು.
ಪಾವಟಿಗಿ ಕಲ್ಲಿನ ಮ್ಯಾಲೆ, ನೆಲದಿಂದ ಆರೂವರಿಗೆ,
ಒಂದು ಗೀಟು ಎಳದೆ. ಕೈ ನಡುಗಿ ಸೊಟ್ಟ ಆತು.
ಸಾಹೇಬ್ರು ಬಂದು ಗೀಟು ನೋಡಿದ್ರು,
ಆಕಿ ಹೋದ ಕಡೆ ನೋಡಿದ್ರು.
ಒರಸು ಅನಲಿಲ್ಲ.
ಪುಸ್ತಕ ತಗದ್ರು, ಪೆನ್ನಿನ ಟೊಪಗಿ ತಗದ್ರು,
ತಿರುಗಿ ಹಾಕಿದ್ರು.
'ಟೇಪು ಸುತ್ತೋ, ಊಟದ ಹೊತ್ತಾತು.'

ಸುತ್ತಿದೆ.
ಎಲ್ಲಾ ಅಂಕಿ ಒಳಗ ಹೋದ ಮ್ಯಾಲೆ
ಕಟ್ಟಕಡೀಗೆ ಹೋಗೂದು ಸೊನ್ನಿ,
ಅದಕ್ಕೊಂದು ಕೊಕ್ಕಿ ಇರತೈತಿ, ಪೂರ್ತಿ ಒಳಗ ಹೋಗಂಗಿಲ್ಲ.

ಸಂಜಿಕ ಮನಿಗೆ ಹೊಂಟಾಗ
ಸ್ಟೇಷನ್ ರಸ್ತೆ ಬೇವಿನ ಗಿಡಕ್ಕ ಕೈ ಹಾಕಿ
ತೋಳುದ್ದದ ಟೊಂಗಿ ಒಂದು ಮುರದೆ.
ಅರಬಿ ಇರಲಿಲ್ಲ, ನನ್ನ ಕರವಸ್ತ್ರ ಕಟ್ಟಿದೆ.
ಅದು ಕೆಂಪಲ್ಲ, ನೀಲಿ.
ಕತ್ತಲಾಗ ಕಾಣತೈತೋ ಇಲ್ಲೋ
ಅಂತ ಎರಡು ಸಲ ಹಿಂದ ಹೋಗಿ, ದೂರ ನಿಂತು ನೋಡಿದೆ.