ಮೂರು ಒತ್ತಿನ ಹೆಸರು

ತರಗುಪೇಟೆಯ ಹುಣಸೆ ಮಂಡಿಯಲ್ಲಿ
ಬಿಲ್ಲು ಕಂಪ್ಯೂಟರಿನದು, ಕಚ್ಚಾ ಚೀಟಿ ನನ್ನದು.
ಇಪ್ಪತ್ತೆರಡು ವರ್ಷ ಡಜನ್ ಲೆಕ್ಕದ ಬಾಲ್‌ಪೆನ್ನಲ್ಲಿ ಗೀಚಿದೆ,
ಹಲ್ಲಲ್ಲಿ ಕಚ್ಚಿದೆ, ಕಿವಿಗೆ ಸಿಕ್ಕಿಸಿ ಮರೆತೆ.

ಈಗ ಜೇಬಿನಲ್ಲಿ ಜಪಾನಿನ ಪೆನ್ನು.
ಮನೆಯಲ್ಲಿ ಇನ್ನೂರು ಅಂದಿದ್ದೇನೆ;
ಒಂದು ಸೊನ್ನೆ ಅವೆನ್ಯೂ ರಸ್ತೆಯಲ್ಲೇ ಬಿದ್ದುಹೋಯಿತು.

ಕ್ಯಾಪು ಬಿಚ್ಚಲು ಒಂದೂಕಾಲು ಸುತ್ತು,
ಬೆರಳಿಗಷ್ಟೇ ಕೇಳುವ ಸದ್ದು.
ನೆಟ್ಟನೆ ಗೆರೆಗಳ ಊರಲ್ಲಿ ಹುಟ್ಟಿದ ನಿಬ್ಬು
ಮೊದಲ ವಾರ 'ಳ'ದ ಹೊಟ್ಟೆಯೊಳಗೆ ದಾರಿ ತಪ್ಪಿತು.
ಈಗ ಬೆಲ್ಲ ಬರೆದರೆ ಅಂಟುವುದಿಲ್ಲ,
ಬ್ಯಾಡಗಿ ಬರೆದರೆ ಕೆಮ್ಮುವುದಿಲ್ಲ.
ಹದಿನಾಲ್ಕು ಮೂಟೆ, ಗೋಣಿ ತೂಕ ಕಳೆದು:
ಶಾಯಿ ಆರುವ ಮೊದಲು ಒಂದು ಗಳಿಗೆ
ಅಂಕಿಗಳು ಹೊಳೆಯುತ್ತವೆ.
ಅಷ್ಟು ಹೊತ್ತು
ಸಾಹುಕಾರರು ಕರೆದರೂ ನಾನು ತಿರುಗುವುದಿಲ್ಲ.

ನಿನ್ನೆ ಹಮಾಲಿ ಚಿಕ್ಕಬೆಟ್ಟಪ್ಪ
ಕೂಲಿ ಪುಸ್ತಕದ ಮುಂದೆ ನಿಂತು
ಲುಂಗಿಗೆ ಕೈ ಒರೆಸಿಕೊಂಡ.
'ಅದರಲ್ಲೇ ಕೊಡಿ ಸಾರ್, ಸೈನಿಗೆ.'
ಮೂರು ಒತ್ತಿನ ಹೆಸರು,
ನೂರು ಕೆಜಿ ಎತ್ತುವ ಬೆರಳು.
ಕೊಟ್ಟೆ. ಕ್ಯಾಪು ಮಾತ್ರ
ನನ್ನ ಮುಷ್ಟಿಯಲ್ಲೇ ಉಳಿಯಿತು.

ಮೂಟೆಗೆ ಕೊಕ್ಕೆ ಹಾಕುವ ಕೈ
ಅಲುಗುವ ಹಾಲುಹಲ್ಲು ಮುಟ್ಟುವಂತೆ ಹಿಡಿಯಿತು.
ಮೂರು ಒತ್ತನ್ನೂ ಒತ್ತದೆ ಬರೆದ.
ಬಗ್ಗಿ, ತಾನೇ ಊದಿದ.

'ಎಷ್ಟು ಸಾರ್ ಇದಕ್ಕೆ?'

ಇನ್ನೂರು ಅನ್ನಲು ಬಾಯಿ ತೆರೆದೆ.
ಅವನಾಗಲೇ ಹೆಸರಿನ ಕೊನೆಗೆ
ಬೇಡದ ಒಂದು ಚುಕ್ಕಿ ಇಡುತ್ತಿದ್ದ,
ಇನ್ನೊಂದು ಸಲ ತಾಗಿಸಲೆಂದೇ.