ಬೆಕ್ಕಿನ ಎತ್ತರ

ಮೊದಲು ಹರದದ್ದು ಹಸರು ಚಾದರ.
ಆಮ್ಯಾಲ ಎರಡು ಡಜನ್ ಟಾವೆಲ್ಲು,
ನೀಲವ್ವ ಅಂಚು ಹೊಲದಿಟ್ಟಿದ್ದು,
ಶುಕ್ರವಾರದ ಗಾಡಿಗೆ ಹೋಗೂ ಮಾಲು.
ಸುಳ್ಳ್ಯಾಕ ಹೇಳ್ಲಿ, ಉಗುರಿನ ಕೆಲಸ ಸ್ವಚ್ಛಿತ್ತು:
ಒಂದೆಳಿ ಎತ್ತಿ, ಒಂದೆಳಿ ಬಿಟ್ಟು,
ನಮ್ಮ ಮಗ್ಗದ ಮ್ಯಾಲ ಎಂದೂ ಬೀಳದ ಡಿಸೈನು.

"ಚೀಲದಾಗ ಹಾಕಿ
ಟಿಕೇಕರವಾಡಿ ಆಚೆ ಬಿಟ್ಟ ಬರ್ರಿ ಎರಡನ್ನೂ"
ಅಂದ್ಲು ನೀಲವ್ವ.
ಕಡಬು ಆಕಿ ಕಾಲಿಗೆ ಬಾಲ ಸುತ್ತಿ ನಿಂತಿತ್ತು.
ಸುಪಾರಿ ಮಗ್ಗದ ಕೆಳಗ, ಅಂದ್ರ
ಮಗ್ಗ ಇದ್ದ ಜಾಗದಾಗ,
ನಾಲ್ಕು ಬೋಲ್ಟಿನ ತೂತಿನ ನಡುವ ಮಲಗಿತ್ತು.

ಸೊಲ್ಲಾಪುರದಾಗ ಇಪ್ಪತ್ತೆಂಟು ವರ್ಷ
ಜಾಬರ್ ಕೆಲಸ ಮಾಡಿದಾವ ನಾನು.
ಎಳಿ ಕಡಿದ್ರ ಮಷೀನಿಗೆ ಬಯ್ಯಬಾರದು,
ಎಲ್ಲೋ ಏನೋ ಸಡ್ಲ ಆಗಿರತೈತಿ.
ಮೂರು ದಿನ ಬೆಕ್ಕು ನೋಡಿದೆ.
ಚಾದರದ ಮ್ಯಾಲ ಅದಕ್ಕ ಸಿಟ್ಟಿಲ್ಲ.
ಮುಂಗಾಲು ಚಾಚಿ, ಬೆನ್ನು ಉದ್ದ ಮಾಡಿ,
ಮೈಭಾರ ಎಲ್ಲಾ ಹಾಕಿ ಜಗ್ಗತೈತಿ.
ಜಗ್ಗಿದ್ರ ಎದುರು ಜಗ್ಗುವಂಥಾದ್ದು ಬೇಕು,
ಅಷ್ಟ.

ಸುಪಾರಿ ನಿದ್ದಿ ಮಾಡುವಾಗ ಟೇಪ್ ಹಿಡಿದೆ:
ಮುಂಗಾಲ ತುದಿಯಿಂದ ಹಿಂಗಾಲ ತುದಿಗೆ
ಮೂವತ್ತೊಂದು ಇಂಚು.
ಅರ್ಧ ಕಣ್ಣು ತಗದು ನೋಡಿತು,
ಅಳತಿ ಸರಿ ಐತೇನ ಅನ್ನೂಹಂಗ,
ಮತ್ತ ಮುಚ್ಚಿತು.

ಹಲಗಿ ಸಾಗವಾನಿ. ಹಗಲು ಆಕಿ, ರಾತ್ರಿ ನಾ
ನಡಿಸಿದ ಮಗ್ಗದ್ದು.
ಭಂಗಾರದಾವ, ಹೆಸರಿನ್ಯಾಗಷ್ಟ ಬಂಗಾರ,
ಕಬ್ಬಿಣ ತೂಗಿ ಒಯ್ದ, ಕಟ್ಟಿಗಿ ಬಿಟ್ಟ.
ಸೆಣಬಿನ ಹಗ್ಗ ಮಂಗಳವಾರ ಪೇಠೆಯಿಂದ.
ಅಂಟು ಹಚ್ಚಲಿಲ್ಲ, ಆ ವಾಸನಿಗೆ ಬೆಕ್ಕು ಮೂಗು ಮುರೀತಾವ.
ಸುತ್ತು ಸುತ್ತಿಗೂ ಸುತ್ತಿಗಿ ತಟ್ಟಿ
ಸಂದು ಕಾಣದಂಗ ಕೂಡಿಸಿದೆ.
ನಡುವ ಹಗ್ಗ ಮುಗೀತು.
ನೇಕಾರನ ಗಂಟು, ಕೈ ತಾನ ಹಾಕಿತು,
ಬೆರಳು ಸವರಿದ್ರೂ ಎಲ್ಲಿ ಅಂತ ಹತ್ತಂಗಿಲ್ಲ.

ಗ್ವಾಡಿ ಮಾತ್ರ ಕೇಳಲಿಲ್ಲ.
ಡ್ರಿಲ್ ಅಂಬಾದಾಸಂದು, ಗ್ವಾಡಿ ಧೋತ್ರೆ ಕಾಕಾಂದು.
ತೂತಿಗೆ ನೂರು ಡಿಪಾಜಿಟ್ಟಿನ್ಯಾಗ ಕಟ್
ಅಂತ ಆತ ಮೊದಲ ಹೇಳಿದ್ದ, ಮರಾಠಿಯೊಳಗ.
ಐದರತನಕ ಎಣಿಸಿದೆ, ಬಿಟ್ಟೆ.
ಒಳಗ ಬರೇ ಮಣ್ಣು.
ಸುಣ್ಣದ ಪದರು ಉದುರಿದವು: ಗುಲಾಬಿ,
ಗುಲಾಬಿ ಹಿಂದ ನೀಲಿ,
ನೀಲಿ ಹಿಂದ ನಾವು ಬಂದ ವರ್ಷದ ಹಸರು.
ಗಿಟ್ಟಿ ಕೈಯಾಗ ಬಂತು, ಎರಡನೇದೂ.
ಅಲ್ಲಾಡಿದ್ರ ಬೆಕ್ಕು ಮತ್ತೊಮ್ಮೆ ಬರಂಗಿಲ್ಲ.
ಮನುಷ್ಯಾರು ಬರತಾರ.
ಕಡೀಕ ಬಾಗಿಲ ಬಾಜೂ ಕಲ್ಲು ಸಿಕ್ತು,
ಡ್ರಿಲ್ಲಿನ ದನಿ ಬದಲಾತು.
ನಾಲ್ಕು ಸ್ಕ್ರೂ. ನಾನ ಜೋತುಬಿದ್ದು ನೋಡಿದೆ.

ಎರಡೂ ಬಂದವು, ಮೂಸಿದವು,
ಹೊರಗ ಹೋದವು.
ನೀಲವ್ವ ನಗಲೂ ಇಲ್ಲ.

ರಾತ್ರಿ ಎರಡಕ್ಕ ಸಪ್ಪಳ.
ಕರ್‌ರ್, ಕರ್‌ರ್.
ಹಾಸಿಗ್ಯಾಗ ಕೈ ಆಡಿಸಿದೆ, ಆಕಿ ಜಾಗ ಖಾಲಿ.
ಬಾಗಿಲ ಸಂದಿನ್ಯಾಗ ಕಂಡದ್ದು:
ನೀಲವ್ವ ನೆಲಕ್ಕ ಕೂತು,
ಕಡಬೂನ್ನ ತೊಡಿ ಮ್ಯಾಲ ಇಟಗೊಂಡು,
ತನ್ನ ಉಗುರಿಂದ ಹಗ್ಗ ಕೆರದು ತೋರಸ್ತಿದ್ಲು.
"ಹಿಂಗ. ನೋಡಿದೇನ? ಹಿಂಗ."
ಕಡಬು ಕಲ್ತಿತು, ತೊಡಿಯಿಂದ ಇಳದು
ತಾನೂ ಕೆರೀಲಿಕ್ಕೆ ಹತ್ತಿತು.
ಆಕಿ ನಿಲ್ಲಸಲಿಲ್ಲ.
ಎದ್ದು, ನಡಾ ಬಗ್ಗಿಸಿ, ಎರಡೂ ಕೈಯಿಂದ,
ಸಪ್ಪಳಾದೀತಂತ ಬಳಿ ಮ್ಯಾಲ ಸರಸಿ,
ಭಂಗಾರದ ಗಾಡಿ ಬಂದ ದಿನ
ಒಂದ ಮಾತೂ ಆಡದ ಹೆಣಮಗಳು,
ಬೆಕ್ಕಿನ ಪಾಠಕ್ಕ ಬೇಕಾದದ್ದಕ್ಕಿಂತ
ಭಾಳ ಹೊತ್ತು.

ನಾ ಹೋಗಿ ಮಲಗಿದೆ.
ಮುಂಜಾನೆ ಚಾ ಕೊಟ್ಟ ಕೈಯಾಗ
ಉಗುರಿನ ಸಂದಿಗೆ ಸೆಣಬಿನ ಎಳಿ.
ಕೇಳಲಿಲ್ಲ.

ಹಲಗಿ ಉಳದಿತ್ತು, ಹಗ್ಗ ಉಳದಿತ್ತು.
ಆಯಿತವಾರ ಇನ್ನೊಂದು ಮಾಡಿದೆ,
ಅದ ಕಲ್ಲಿಗೆ, ಮೊದಲಿನದರ ಮ್ಯಾಲ.
ಇದಕ್ಕ ಟೇಪ್ ಹಿಡಿಯಲಿಲ್ಲ.
ಡ್ರಿಲ್ ಒಯ್ಯಾಕ ಬಂದ ಅಂಬಾದಾಸ
ಕತ್ತು ಎತ್ತಿ ನೋಡಿದ.
"ಇಷ್ಟೆತ್ತರದ ಬೆಕ್ಕು ಯಾವ್ದೋ ನಿಮ್ಮನ್ಯಾಗ?"

ಐತಿ ಒಂದು, ಅಂದೆ.